ಕಣ್ಣುಪಟ್ಟಿ ಮೇಷ್ಟ್ರ ಎಣಿಕೆ

ಯಾವ ಕೋಣೆಗೆ ಹೋದರೂ ಅವರು ಮೊದಲು ಸುತ್ತ ಒಮ್ಮೆ ಕಣ್ಣಾಡಿಸಿ, ಆಮೇಲೆ ಕಣ್ಣು ಮುಚ್ಚಿಕೊಂಡು ಗೋಡೆ ಸವರುತ್ತ ಬಾಗಿಲವರೆಗೆ ಹೋಗಿಬಂದ ಮೇಲೆಯೇ ಕುರ್ಚಿಯಲ್ಲಿ ಕೂರುತ್ತಿದ್ದುದು. ಬ್ಯಾಂಕು, ಕ್ಷೌರದಂಗಡಿ, ಹಲ್ಲಿನ ಡಾಕ್ಟರ ಕೋಣೆ, ಯಾವುದಕ್ಕೂ ವಿನಾಯಿತಿಯಿಲ್ಲ. ಹುಬ್ಬಿಲ್ಲದ ನುಣುಪು ಹಣೆ, ಸುಡುಬಿಸಿಲಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಬೂದು ಕೋಟು, ಸದ್ದೇ ಮಾಡದ ರಬ್ಬರು ಬೂಟು. ಬೆನ್ನಿಗೆ ಬಂದು ನಿಂತರೆ ಮನುಷ್ಯರೋ ನೆರಳೋ ಎಂದು ನಿಶ್ಚಯಿಸಿಕೊಳ್ಳಲು ಒಂದು ಗುಟುಕು ಉಗುಳು ನುಂಗಬೇಕಾಗುತ್ತಿತ್ತು.

ನಮ್ಮ ಹವ್ಯಾಸಿ ಕಾರು ಪಂದ್ಯಗಳ ಸುರಕ್ಷತಾ ಪರೀಕ್ಷಕರು ಅವರು. ಹೆಲ್ಮೆಟ್ಟಿನ ಗಾಜಿಗೆ ಕರಿಬಟ್ಟೆ ಕಟ್ಟಿ ಚಾಲಕನನ್ನು ಸೀಟಿಗೆ ಬಿಗಿಯುತ್ತಿದ್ದರು; ಹತ್ತು ಎಣಿಸುವುದರೊಳಗೆ ಅವನು ಕಿಟಕಿಗೆ ಬಿಗಿದ ರಕ್ಷಣೆಯ ಬಲೆ ಇಳಿಸಿ, ಅಡ್ಡ ಬರುವ ಸ್ಟಿಯರಿಂಗ್ ಚಕ್ರ ಕಳಚಿ, ಬೆಲ್ಟು ಬಿಚ್ಚಿ ಕಿಟಕಿಯಿಂದ ಹೊರಬಿದ್ದರಷ್ಟೇ ಪಂದ್ಯಕ್ಕೆ ಒಪ್ಪಿಗೆ. ಕಣ್ಣುಪಟ್ಟಿ ಮೇಷ್ಟ್ರು ಎಂಬ ಬಿರುದು ನಾವೇ ದಯಪಾಲಿಸಿದ್ದು.

ಔಷಧಿ ಅಂಗಡಿಯಲ್ಲಿ ಕೂತೂ ಕೂತೂ ಸಂಪಾದಿಸಿದ ಹೊಟ್ಟೆಯೊಡನೆ, ನಲವತ್ತೆಂಟರಲ್ಲಿ ವೇಗದ ಹುಚ್ಚು ಹತ್ತಿಸಿಕೊಂಡ ನಾನು ಮೊದಲ ಪರೀಕ್ಷೆಯಲ್ಲೇ ಡುಮ್ಕಿ ಹೊಡೆದೆ. ಕತ್ತಲಾದ ಕೂಡಲೇ ನನ್ನ ಕೈ ಹೋದದ್ದು ಗದ್ದದ ಕೆಳಗಿನ ಹೆಲ್ಮೆಟ್ ಪಟ್ಟಿಗೆ! ದಿನಾ ಸ್ಕೂಟರಿಳಿದು ಮಾಡುವ ಅಭ್ಯಾಸ.

"ಮನೆಗೆ ಬಂದ್ರೇನು ಸಾಹೇಬ್ರು, ಟೋಪಿ ತೆಗೆದು ಮೊಳೆಗೆ ನೇತು ಹಾಕೋಕೆ?" ಎಂದರು ಮೇಷ್ಟ್ರು.

ಸುತ್ತಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಬಗ್ಗಿ, ನನ್ನ ಕಿವಿಯ ಹತ್ತಿರ, ಬೇರೆಯದೇ ದನಿಯಲ್ಲಿ ಅಂದರು: "ನನ್ನ ತಮ್ಮನೂ ಮೊದಲು ಹೆಲ್ಮೆಟ್ಟೇ ತೆಗೆದ."

ಆಮೇಲೆ ಒಂದು ತಿಂಗಳು ಊಟದ ಕುರ್ಚಿಗೆ ಹಳೆಯ ಬೆಲ್ಟು ಕಟ್ಟಿಕೊಂಡು, ಕಣ್ಣಿಗೆ ಟವೆಲು ಸುತ್ತಿಕೊಂಡು ಅಭ್ಯಾಸ ಮಾಡಿದೆ. "ಎಂಟಕ್ಕೆ ನೀವು ಬಂದ್ರಿ, ಹನ್ನೆರಡಕ್ಕೆ ನಿಮ್ಮ ಹೊಟ್ಟೆ ಬಂತು" ಎಂದು ಹೆಂಡತಿ ಲೆಕ್ಕ ಒಪ್ಪಿಸುತ್ತಿದ್ದಳು. ಕೊನೆಗೊಮ್ಮೆ ಒಂಬತ್ತಕ್ಕೆ ಪಾಸಾದೆ.

ಎರಡನೆಯ ಪಂದ್ಯದ ಮೂರನೆಯ ಸುತ್ತಿನಲ್ಲಿ, ಮೇಷ್ಟ್ರು ನಿಂತಿದ್ದ ತಿರುವಿನಲ್ಲೇ, ಪೆಟ್ರೋಲಿನ ಪೈಪು ಒಡೆಯಿತು. ಕಾರು ನಿಲ್ಲುವಷ್ಟರಲ್ಲಿ ಒಳಗೆಲ್ಲ ಕಪ್ಪು ಹೊಗೆ. ಕಾಲ ಬಳಿ ಏನೋ ಬೆಚ್ಚಗೆ ನೆಕ್ಕಿತು. ಕೈ ಮತ್ತೆ ಗದ್ದದತ್ತಲೇ ಎದ್ದಿತು. ಆಗ ಯಾರೋ ಮಣಿಕಟ್ಟು ಹಿಡಿದು ಕೆಳಗಿಳಿಸಿದ ಹಾಗಾಯಿತು. ಇದನ್ನು ನಾನು ಯಾರಿಗೂ ಒತ್ತಾಯಿಸಿ ನಂಬಿಸುವುದಿಲ್ಲ; ಭಯಕ್ಕೂ ಬೆರಳುಗಳಿರಬಹುದು. ಬಲೆ, ಸ್ಟಿಯರಿಂಗ್, ಬೆಲ್ಟು. ಕಿಟಕಿಯಿಂದ ಹುಲ್ಲಿನ ಮೇಲೆ ಮೂಟೆಯಂತೆ ಉರುಳಿದೆ.

ಮೇಷ್ಟ್ರು ನನ್ನತ್ತ ತಿರುಗಿಯೂ ನೋಡಲಿಲ್ಲ. ಉರಿಯುವ ಕಿಟಕಿಯನ್ನೇ ನೆಟ್ಟ ನೋಟದಿಂದ ನೋಡುತ್ತ, ಹತ್ತನ್ನು ಎಂದೋ ದಾಟಿ, ಹದಿನಾರು, ಹದಿನೇಳು ಎಂದು ಮೆಲ್ಲಗೆ ಎಣಿಸುತ್ತಲೇ ಇದ್ದರು.

"ಮೇಷ್ಟ್ರೇ, ನಾನಿಲ್ಲೇ ಇದ್ದೀನಲ್ಲ!"

"ಗೊತ್ತು. ನೀವು ಬಂದ್ರಿ," ಎಂದರು, ಕಣ್ಣು ಕದಲಿಸದೆ. "ಅವನಿನ್ನೂ ಬಂದಿಲ್ಲ."

ಅಪಾಯದಿಂದ ಪಾರಾಗುವುದನ್ನು ಕಲಿಸುವವರ ಕುಲವೇ ಹೀಗೇನೋ. ತಾವೊಮ್ಮೆ ಸೋತ ಹೊಸ್ತಿಲನ್ನು ಬಿಟ್ಟು ಅವರು ಕದಲುವುದಿಲ್ಲ. ನಾವು ಅವರನ್ನು ಅಣಕಿಸುತ್ತ, ಅಡ್ಡಹೆಸರಿಡುತ್ತ, ಅವರ ಕಂಕುಳ ಕೆಳಗೆ ನುಸುಳಿಕೊಂಡು ಬದುಕಿಗೆ ಓಡುತ್ತೇವೆ. ಅವರಿಗೆ ಮಾತ್ರ ಹೊರಗೆ ಬರಲು ಪುರುಸೊತ್ತಾಗುವುದಿಲ್ಲ.