ದಾಕ್ಷಾಯಣಿಯನ್ನು ಕಟ್ಟಿಹಾಕಿದ ಕುರ್ಚಿ

ನಾನು ಒಂದು ಮತ್ತಿಮರದ ಕುರ್ಚಿ. ಗದಗಿನ ಮೌನೇಶ ಬಡಿಗೇರ ನನ್ನನ್ನು ಮೂರು ದಿನದಲ್ಲಿ ಮಾಡಿ ಮುಗಿಸಿದ. ಕಾಲು ನೇರ, ಬೆನ್ನು ಗಟ್ಟಿ. ಕೊನೆಗೆ ಒಂದು ಅಗಲವಾದ ಚರ್ಮದ ಬೆಲ್ಟು ಜಡಿದ.

"ಕುರ್ಚಿಗೆ ಬೆಲ್ಟ್ ಯಾಕ್ರೀ?" ಎಂದು ಒಯ್ಯಲು ಬಂದವನನ್ನು ಕೇಳಿದ.

"ಒಬ್ಬಾಕಿ ಕುಂತಲ್ಲೇ ತೂಗಾಡತಾಳ. ಅದನ್ನ ಬಿಡಸಬೇಕಾಗೇತಿ."

ಹಾಗೆ ನಾನು ಬೌದ್ಧಿಕ ವಿಕಲಚೇತನರ ತರಬೇತಿ ಕೇಂದ್ರಕ್ಕೆ ಬಂದೆ. ಅಲ್ಲಿ ಕಾಗದದ ಚೀಲ ಮಾಡುವುದನ್ನು ಕಲಿಸುತ್ತಿದ್ದರು. ಆ ಒಬ್ಬಾಕಿಯೇ ದಾಕ್ಷಾಯಣಿ, ಇಪ್ಪತ್ತಾರು ವರ್ಷದವಳು. ಮುಖ್ಯಸ್ಥೆ ಹಿರೇಗೌಡರ ಮೇಡಂ ಮೊದಲ ದಿನವೇ ಅವಳನ್ನು ನನ್ನ ಮೇಲೆ ಕೂರಿಸಿ ಬೆಲ್ಟು ಬಿಗಿದರು. ಅವರು ಕೆಟ್ಟವರಲ್ಲ. ತೂಗಾಟ ನಿಂತರೆ ಹುಡುಗಿ ಸುಧಾರಿಸುತ್ತಾಳೆ ಎಂದು ನಂಬಿದ್ದರು.

ಅವಳು ಸುಧಾರಿಸಲಿಲ್ಲ. ತನ್ನ ಕೈಯನ್ನೇ ಕಚ್ಚಿಕೊಂಡಳು. ಹತ್ತಿರ ಬಂದವರನ್ನೂ ಕಚ್ಚಿದಳು. ಫೈಲಿನಲ್ಲಿ 'ಆಕ್ರಮಣಕಾರಿ ಸ್ವಭಾವ' ಎಂದು ಬರೆದರು.

ನನಗೆ ಬೇರೆಯೇ ಗೊತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಮೊದಲು ಅವಳ ಬೆನ್ನು ನನ್ನನ್ನು ಬಿಟ್ಟು ಮುಂದಕ್ಕೆ ಹೊರಡುತ್ತಿತ್ತು. ಮಾತು ಅದರ ಹಿಂದೆ ಬರಬೇಕಿತ್ತು. ಬೆಲ್ಟು ಬೆನ್ನನ್ನು ತಡೆದರೆ ಮಾತೂ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಅವಳಿಗೆ ಉಳಿಯುತ್ತಿದ್ದುದು ಹಲ್ಲು ಮಾತ್ರ. ಆದರೆ ಕುರ್ಚಿಯನ್ನು ಯಾರು ಕೇಳುತ್ತಾರೆ?

ವರ್ಷ ಕಳೆಯಿತು. ಅವಳನ್ನು ದೂರದ ಊರಿನ ವಸತಿ ಕೇಂದ್ರಕ್ಕೆ ಕಳಿಸುವ ಮಾತು ಬಂತು. ಅವಳ ಅವ್ವ ಚೆನ್ನವ್ವ ಬಾಗಿಲಲ್ಲೇ ಕುಸಿದು ಅತ್ತಳು. ಮುಂದಿನ ಸೋಮವಾರ ಸಮಿತಿಯೊಂದು ಬಂದು ಅದನ್ನು ತೀರ್ಮಾನಿಸುವುದಿತ್ತು.

ಅದೇ ವಾರ ಮೆಹರುನ್ನಿಸಾ ನದಾಫ್ ಎಂಬ ಹೊಸ ಶಿಕ್ಷಕಿ ಬಂದಳು. ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ದಾಕ್ಷಾಯಣಿಯನ್ನು ಬಿಡಿಸಿ ತಾನೇ ನನ್ನ ಮೇಲೆ ಕೂತು, ಎರಡೂ ಕೈಗಳನ್ನು ಬೆಲ್ಟಿನೊಳಗೆ ಸೇರಿಸಿಕೊಂಡು ಹಿರೇಗೌಡರ ಮೇಡಂ ಕೈಯಿಂದಲೇ ಬಿಗಿಸಿಕೊಂಡಳು.

"ಮೇಡಂ, ಬಸ್ ಸ್ಟ್ಯಾಂಡಿನಿಂದ ನಮ್ಮನಿಗೆ ದಾರಿ ಕೇಳ್ರಿ."

"ಹ್ಯಾಂಗ ಬರಬೇಕವಾ?"

"ಇಳಿದು ಎಡಕ್ಕ... ಅಲ್ಲ, ಬಲಕ್ಕ... ಅಲ್ಲೊಂದು ಗಿರಣಿ..." ಅವಳ ಕೈಗಳು ಬೆಲ್ಟಿನೊಳಗೆ ಒದ್ದಾಡಿದವು. ದಾರಿ ತಪ್ಪಿ ನಿಂತಳು. "ನೋಡ್ರಿ, ಕೈ ಕಟ್ಟಿದ್ರ ನನಗ ನನ್ನ ಮನೀನ ಸಿಗವಲ್ದು. ವಿಚಾರ ಬರೇ ತಲ್ಯಾಗ ಇರಂಗಿಲ್ಲ. ನನ್ನದು ಕೈಯಾಗೂ ಐತಿ, ದಾಕ್ಷಿದು ಬೆನ್ನಾಗ ಐತಿ."

ಮೇಡಂ ಅವಳ ಕೈ ಬಿಡಿಸಿದರು. ಆಮೇಲೆ ದೊಡ್ಡ ಕತ್ತರಿ ತಂದು ತಾವೇ ಬೆಲ್ಟು ಕತ್ತರಿಸಿದರು.

ಸೋಮವಾರ ಸಮಿತಿಯ ಮೂವರು ಎದುರಿಗೆ ಕೂತರು. ದಾಕ್ಷಾಯಣಿ ತೂಗತೊಡಗಿದಳು. ನಾನು ಕಿರುಗುಟ್ಟಿದೆ.

"ಮೊದಲು ಅಲುಗಾಡೋದು ನಿಲ್ಲಿಸಮ್ಮ. ಆಮೇಲೆ ಮಾತಾಡು," ಎಂದರು ಒಬ್ಬರು.

ಅವಳು ನಿಲ್ಲಿಸಲಿಲ್ಲ. "ಒಲ್ಲೆ." ಮುಂದಕ್ಕೆ. "ಹಿಂಗ ಹೇಳತೀನಿ." ಹಿಂದಕ್ಕೆ. "ನಾ ಹೋಗಂಗಿಲ್ಲ." ಮತ್ತೆ ಮುಂದಕ್ಕೆ. "ಚೀಲ ಮಾಡತೀನಿ. ಅವ್ವನ ಕಡೆ ಇರತೀನಿ."

"ಮತ್ತೆ ಕಚ್ಚಿದ್ದು ಯಾಕೆ?"

"ಕಟ್ಟಿದ್ರು. ಅದಕ್ಕ ಕಚ್ಚಿದೆ."

ಇಡೀ ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹಿರೇಗೌಡರ ಮೇಡಂ ಎದ್ದು ನಿಂತರು. "ಕಟ್ಟಿದಾಕಿ ನಾನರೀ. ಫೈಲಿನ್ಯಾಗ ಅದನ್ನೂ ಬರಕೋರಿ."

ದಾಕ್ಷಾಯಣಿ ಎಲ್ಲಿಗೂ ಹೋಗಲಿಲ್ಲ. ಮುಂದಿನ ಆರು ವರ್ಷ ನನ್ನ ಮೇಲೆಯೇ ತೂಗುತ್ತಾ ಚೀಲ ಅಂಟಿಸಿದಳು, ಹೊಸಬರಿಗೆ ಕಲಿಸಿದಳು, ಬೇಡವಾದಾಗ ಬೇಡ ಎಂದಳು. ಒಂದೊಂದೇ ಕಾಲು ಸಡಿಲಾಗಿ ಕೊನೆಗೆ ನನ್ನ ಮೇಲೆ ಯಾರೂ ಕೂರಲಾಗದಂತಾಯಿತು. ಅವಳು ಬೇರೆ ಕುರ್ಚಿಗೆ ಹೋದಳು.

ಈಗ ನಾನು ಹಿತ್ತಲಿನ ಮೂಲೆಯಲ್ಲಿದ್ದೇನೆ. ಮೈಮೇಲೆ ಅಂಟಿನ ಡಬ್ಬಿಗಳು. "ಇಂಥಾ ಗಟ್ಟಿ ಮರ, ಹಾಳಾತಲ್ಲ" ಎಂದು ನೋಡಿದವರು ಮರುಗುತ್ತಾರೆ. ನಿಮ್ಮ ಮರುಕ ನನಗೆ ಬೇಡ. ನಾನು ಗಟ್ಟಿಯಾಗಿದ್ದಾಗ ಒಬ್ಬಳ ಬಾಯಿ ಕಟ್ಟಿದ್ದೆ. ನನ್ನ ಒಂದೊಂದು ಕೀಲು ಸಡಿಲಾದದ್ದೂ ಅವಳು ಮಾತಾಡಿದ್ದಕ್ಕೆ.