ಐದನೇ ಬಾವಿಯ ನೀರು

ಕೋಟೆ ತಾಲ್ಲೂಕಿನ ಒಂದು ಕಲ್ಲು ಕ್ವಾರಿಯ ಸುತ್ತ ಮೂರು ತಿಂಗಳಿಗೊಮ್ಮೆ ಐದು ಕಡೆ ನೀರು ಹಿಡಿದು ಪರೀಕ್ಷೆ ಮಾಡಬೇಕಿತ್ತು. ಆ ಕೆಲಸ ರಮ್ಯಳದು. ಕೆ.ಆರ್. ನಗರದ ಕಡೆಯ ಹುಡುಗಿ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ಗಣಿಯವರಿಗೆ ಪರಿಸರದ ವರದಿ ಮಾಡಿಕೊಡುವ ಮೈಸೂರಿನ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ದುಡಿಯುತ್ತಿದ್ದಳು. ನಾಲ್ಕು ಜಾಗಕ್ಕೆ ಜೀಪು ಹೋಗುತ್ತಿತ್ತು. ಐದನೆಯದು ಚಿಕ್ಕಸಿದ್ದಮ್ಮನ ಹೊಲದ ಬಾವಿ. ಅಲ್ಲಿಗೆ ಬದುವಿನ ಮೇಲೆ ಅರ್ಧ ಗಂಟೆ ನಡೆಯಬೇಕು.

ಆಷಾಢದಲ್ಲಿ ಒಂದು ದಿನ ನಾಲ್ಕು ಕಡೆ ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ಕ್ವಾರಿಯವರ ಜೀಪು ಓಡಿಸುವ ಸ್ವಾಮಿ, 'ಆ ದಾರಿ ಬ್ಯಾಡ ಮೇಡಂ, ಮೊಣಕಾಲ್ಗಂಟ ಕೆಸ್ರು. ನಮ್ ಆಫೀಸಿನ ಬೋರ್‌ವೆಲ್ ನೀರ್ನೇ ಇಡ್ಕಳಿ, ಎಲ್ಲಾ ಒಂದೇ ಭೂಮಿ ನೀರಲ್ವಾ?' ಎಂದು ನಕ್ಕ. ಅವನು ಹೇಳಿದ್ದು ತಮಾಷೆಗೆ. ರಮ್ಯಳೂ ನಕ್ಕಳು. ಆಮೇಲೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಮೈಸೂರಿನ ಬಸ್ಸು ತಪ್ಪೀತು ಎಂದುಕೊಂಡು, ಕ್ವಾರಿ ಆಫೀಸಿನ ನಲ್ಲಿಯಲ್ಲಿ ಬಾಟಲಿ ತುಂಬಿ 'ಬಾವಿ ೫' ಎಂದು ಚೀಟಿ ಅಂಟಿಸಿದಳು. ಹಾಗೆ ಮಾಡು ಎಂದು ಯಾರೂ ಬಲವಂತ ಮಾಡಿರಲಿಲ್ಲ. ಕ್ವಾರಿಯವರು ಕೇಳಿರಲಿಲ್ಲ, ಆಫೀಸಿನವರು ಹೇಳಿರಲಿಲ್ಲ.

ವರದಿ ಬಂತು. ಐದನೇ ಬಾವಿಯ ಎದುರು 'ಕುಡಿಯಲು ಯೋಗ್ಯ' ಎಂದಿತ್ತು. ಹಿಂದಿನ ಎರಡು ಸಲವೂ ಆ ಬಾವಿಯಲ್ಲಿ ನೈಟ್ರೇಟ್ ಏರುತ್ತಾ ಬಂದಿತ್ತು. ಬಂಡೆ ಸಿಡಿಸುವ ಮದ್ದಿನಿಂದ ನೀರಿಗೆ ಇಳಿಯುವ ವಿಷ ಅದು. ಈ ಸಲ ಇದ್ದಕ್ಕಿದ್ದಂತೆ ಹೇಗೆ ಇಳಿಯಿತು ಎಂದು ಯಾರಾದರೂ ಕೇಳಬೇಕಿತ್ತು. ಕೇಳಬೇಕಾದವಳು ಅವಳೇ. ರುಜು ಹಾಕಿದಳು.

ಪಂಚಾಯಿತಿಯವರು ಆ ಕಾಗದವನ್ನು ಗೋಡೆಗೆ ಅಂಟಿಸಿದರು. ಬಂಡೆ ಸಿಡಿಸುವುದು ಶುರುವಾದಾಗಿನಿಂದ ಅನುಮಾನಪಟ್ಟು ಬೀದಿಯ ಟ್ಯಾಂಕಿನಿಂದ ನೀರು ಹೊರುತ್ತಿದ್ದ ಚಿಕ್ಕಸಿದ್ದಮ್ಮನ ಮನೆಯವರು ಮತ್ತೆ ಬಾವಿ ನೀರಿಗೆ ಬಂದರು.

ಮೂರು ತಿಂಗಳು ಕಳೆದು ರಮ್ಯ ಬಂದಾಗ ಬಿಸಿಲಿತ್ತು, ದಾರಿ ಒಣಗಿತ್ತು. ಮೊದಲು ಐದನೇ ಬಾವಿಗೇ ಹೋದಳು. ಸ್ಥಳದಲ್ಲೇ ಪರೀಕ್ಷಿಸುವ ಕಿಟ್ಟಿನ ಗಾಜಿನ ಕೊಳವೆಗೆ ನೀರು ಹಾಕಿ ಪುಡಿ ಉದುರಿಸಿದಳು; ನೈಟ್ರೇಟ್ ಹೆಚ್ಚಿದ್ದಷ್ಟೂ ಬಣ್ಣ ಕೆಂಪಾಗುತ್ತದೆ. ನೀರು ನೋಡನೋಡುತ್ತಲೇ ಕಡುಗೆಂಪಾಯಿತು. ಅಷ್ಟು ಕೆಂಪನ್ನು ಅವಳು ಆವರೆಗೆ ನೋಡಿರಲಿಲ್ಲ. ಕಿಟ್ಟನ್ನು ಅಲ್ಲೇ ಬಿಟ್ಟು ಮನೆಯ ಕಡೆ ಓಡಿದಳು.

ಜಗಲಿಯ ಮೇಲೆ ಚಿಕ್ಕಸಿದ್ದಮ್ಮನ ಮಗಳು ಮೀನಾ ಕೂತಿದ್ದಳು, ಬಾಣಂತನಕ್ಕೆ ಬಂದವಳು. ತೊಡೆಯ ಮೇಲೆ ಎರಡು ತಿಂಗಳ ಹೆಣ್ಣುಮಗು. ಮಗುವಿನ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು, ಉಗುರೂ ಹಾಗೆಯೇ.

'ಎದೆಹಾಲು ಸಾಲ್ದು ಮೇಡಂ. ಪೌಡರ್ ಹಾಲು ಕೊಡ್ತಾ ಇವ್ನಿ,' ಎಂದಳು ಮೀನಾ. 'ನೀರ್ನ ಎರಡೆರಡು ಸಲ ಕುದುಸ್ತೀನಿ. ಆದ್ರೂ ಯಾಕೋ ಎರಡು ದಿನದಿಂದ ಮಂಕಾಗವ್ಳೆ.'

ಕುದಿಸಿದಷ್ಟೂ ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ; ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಆ ತಾಯಿ ಕಟ್ಟಿಗೆ ಉರಿಸಿ, ಹೊಗೆ ಕುಡಿದು, ಜೋಪಾನವಾಗಿ ಮಗುವಿಗೆ ಕೊಟ್ಟದ್ದು ಏನನ್ನು ಎಂದು ರಮ್ಯಳಿಗೆ ತಿಳಿಯಿತು.

'ಈ ನೀರು ಬೇಡ. ಒಂದು ತೊಟ್ಟೂ ಬೇಡ. ಈಗಲೇ ಆಸ್ಪತ್ರೆಗೆ ಹೊರಡಿ.'

ಸ್ವಾಮಿಯ ಜೀಪಿನಲ್ಲೇ ಮೈಸೂರಿಗೆ ಹೋದರು. ನೀರಿನ ವಿಷಯವನ್ನು ರಮ್ಯಳೇ ವೈದ್ಯರಿಗೆ ಬಿಡಿಸಿ ಹೇಳಿದಳು. ಕೂಡಲೇ ಔಷಧ ಏರಿಸಿದರು. ಸಂಜೆಯ ಹೊತ್ತಿಗೆ ಮಗುವಿನ ತುಟಿಗೆ ಬಣ್ಣ ಬಂತು, ಅಳುವಿಗೆ ದನಿ ಬಂತು.

ವೈದ್ಯರು, 'ಬಾವಿ ನೀರನ್ನು ಮೊದಲೇ ಪರೀಕ್ಷೆ ಮಾಡಿಸಿರಲಿಲ್ವಾ?' ಎಂದು ಕೇಳಿದರು.

'ಮಾಡ್ಸಿದ್ರು ಸಾರ್. ಚೆನ್ನಾಗೈತೆ ಅಂತಾನೇ ಬಂದಿತ್ತು,' ಎಂದು ಮೀನಾ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಗೋಡೆಯ ಮೇಲಿನ ಕಾಗದ. ಕೆಳಗೆ ರಮ್ಯಳ ರುಜು. ವೈದ್ಯರಿಗೆ ಅದು ಯಾರದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಚಿಕ್ಕಸಿದ್ದಮ್ಮ ರಮ್ಯಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. 'ನೀನು ಬರ್ದೇ ಇದ್ದಿದ್ರೆ ಕೂಸು ಕೈ ಬುಟ್ಟೋಗದು ಕಣವ್ವ. ನಮ್ ಪಾಲಿನ ದ್ಯಾವ್ರು ನೀನು.'

ಆಗಲಾದರೂ ಹೇಳಬಹುದಿತ್ತು. ರಮ್ಯ ಹೇಳಲಿಲ್ಲ. ತಲೆ ಅಲ್ಲಾಡಿಸಿ, ಕೈ ಬಿಡಿಸಿಕೊಂಡು, ಹೊರಗೆ ಬಂದು ಗೋಡೆಗೆ ಆತು ನಿಂತಳು. ತಪ್ಪು ಮಾಡಿದ್ದಕ್ಕಿಂತ ಆ ತಪ್ಪಿನ ಮೇಲೆ ಕೂತು ನಮಸ್ಕಾರ ತೆಗೆದುಕೊಂಡದ್ದು ಅವಳನ್ನು ಹೆಚ್ಚು ಸುಟ್ಟಿತು. ಮೂರು ದಿನ ಊಟ ಸೇರಲಿಲ್ಲ. ಮಗು ಮನೆಗೆ ಬಂದಿದೆಯೆಂದು ಮೀನಾ ಫೋನು ಮಾಡಿ, 'ಕೂಸಿಗೆ ನಿಮ್ಮೆಸ್ರೇ ಇಡಾದು ಅಂತವ್ಳೆ ನಮ್ಮವ್ವ' ಎಂದಾಗ ತಡೆಯಲಾಗಲಿಲ್ಲ.

ಅಂದೇ ಸಂಸ್ಥೆಯ ಮುಖ್ಯಸ್ಥ ಕಾಂತರಾಜು ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿ, ಬರೆದೂ ಕೊಟ್ಟಳು. ಅವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ, 'ವರದಿ ವಾಪಸ್ ತಗೋಬೇಕು. ಇದೇ ನಿಮ್ಮ ಕೊನೆ ಕೆಲಸ, ನಾಳೆ ಆ ಬಾವಿಯ ನೀರು ಹಿಡಿದು ಬಂದು ಆಫೀಸಿನ ಬೀಗದ ಕೈ ಕೊಟ್ಟುಬಿಡಿ' ಎಂದರು.

ಮಾರನೆಯ ದಿನ ಚಿಕ್ಕಸಿದ್ದಮ್ಮನ ಜಗಲಿಯಲ್ಲಿ ರಮ್ಯ ಕೂರಲಿಲ್ಲ. ನಿಂತೇ ಹೇಳಿದಳು. ಮಳೆ, ಕೆಸರು, ಬಸ್ಸು, ಕ್ವಾರಿಯ ನಲ್ಲಿ. ಹೇಳುತ್ತಾ ಹೋದಂತೆ ಕಾರಣಗಳೆಲ್ಲ ಎಷ್ಟು ಸಣ್ಣವೆಂದು ಅವಳಿಗೇ ಕೇಳಿಸಿತು.

ಮೀನಾ ಬೈಯಲಿಲ್ಲ. ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಚಿಕ್ಕಸಿದ್ದಮ್ಮ ನೆಲ ನೋಡುತ್ತಾ ಕೂತೇ ಇದ್ದಳು. 'ನಾವು ಓದ್ದೋರಲ್ಲ. ಕಾಗ್ದ ನೋಡಿ ಕುಡುದ್ವಾ ನಾವು? ಇಲ್ಲ ಕಣವ್ವ. ಆ ಹುಡ್ಗಿ ಬಿಸ್ಲು ಮಳೆ ಅನ್ದೆ ನಡ್ಕ ಬತ್ತಾಳೆ, ಅವ್ಳು ಸುಳ್ಳು ಹೇಳಾಕಿಲ್ಲ ಅಂತ ಕುಡುದ್ವಿ.'

ರಮ್ಯಳ ಕಣ್ಣಲ್ಲಿ ನೀರು ಬಂತು. ಅತ್ತರೆ ಸಮಾಧಾನ ಮಾಡಬೇಕಾದವಳು ಆ ಮುದುಕಿಯೇ ಆಗುತ್ತಾಳೆ ಎನಿಸಿ ತುಟಿ ಕಚ್ಚಿ ತಡೆದುಕೊಂಡಳು.

'ಪಂಚಾಯ್ತಿಗೆ ಹೋಗಿ, ಆ ಕಾಗದ ಕಿತ್ತು, ನಿಜ ಬರೆದು ಅಂಟಿಸ್ತೀನಿ. ಅದಕ್ಕೆ ಮುಂಚೆ ಬಾವಿ ನೀರು ಹಿಡೀಬೇಕು.'

ಚಿಕ್ಕಸಿದ್ದಮ್ಮ ಮಂಡಿಗೆ ಕೈಕೊಟ್ಟು ಎದ್ದಳು. 'ನಡಿ. ನಾನೂ ಬತ್ತೀನಿ.'

'ಬಿಸಿಲು ಜಾಸ್ತಿ ಇದೆ ಅಜ್ಜಿ, ನೀವು ಯಾಕೆ...'

'ನೋಡ್ಬೇಕು ಕಣವ್ವ,' ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ. 'ಇನ್ಮೇಲೆ ನೋಡ್ಬೇಕು.'

ಬದುವಿನ ಮೇಲೆ ರಮ್ಯ ಮುಂದೆ, ಚಿಕ್ಕಸಿದ್ದಮ್ಮ ಹಿಂದೆ ನಡೆದರು. ಬಾವಿಯ ಹತ್ತಿರ ರಮ್ಯ ಬಗ್ಗಿ ಹಗ್ಗ ಇಳಿಬಿಟ್ಟಳು. ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾಟಲಿ ತುಂಬುವವರೆಗೂ, ಚೀಟಿ ಅಂಟಿಸುವವರೆಗೂ, ಕಣ್ಣು ತೆಗೆಯದೆ ಅವಳ ಕೈಗಳನ್ನೇ ನೋಡುತ್ತಾ ನಿಂತಿದ್ದಳು.