ಪಕ್ಕದವಳ ಉಸಿರು

ನನ್ನ ಮಗಳಿಗೆ ಮನೆಯಲ್ಲಿ ಇಟ್ಟ ಹೆಸರು ತುತ್ತೂರಿ. ಮನೆಯಲ್ಲಿ ಅವಳು ಕೂಗಿದರೆ ಬೀದಿ ತುದಿಯ ನನ್ನ ವೆಲ್ಡಿಂಗ್ ಅಂಗಡಿಗೆ ಕೇಳುತ್ತಿತ್ತು. ಅಂಥವಳನ್ನು ಶಾಲೆಯ ಗಾಯನ ತಂಡಕ್ಕೆ ಸೇರಿಸಿಕೊಂಡ ಸಂಗೀತದ ಮೇಡಂ ಮೊದಲ ದಿನವೇ ಹೇಳಿದರಂತೆ, "ನಿನ್ನ ದನಿ ಬೇರೆಯಾಗಿ ಕೇಳಿಸಿದರೆ ನೀನು ಹೊರಗೆ."

"ಕೇಳಿಸಬಾರದು ಅಂದ್ಮೇಲೆ ಹಾಡೋದ್ಯಾಕೆ? ಬಾಯಿ ಮುಚ್ಕೊಂಡು ಮನೇಲಿದ್ರೆ ಆಗಲ್ವಾ?" ಎಂದು ರೇಗಿದೆ.

"ನಿನಗೆ ತಿಳಿಯಲ್ಲ ಬಿಡಪ್ಪ. ಜಗಳಕ್ಕೆ ಹೋದ್ರೂ ನೀನೊಬ್ಬನೇ ಹೋಗೋನು."

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಉದ್ದನೆಯ ಸ್ವರವನ್ನು ಯಾರೂ ಒಂದೇ ಉಸಿರಿನಲ್ಲಿ ಹಿಡಿಯಲಾರರು. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರೆ ಹಾಡಿನ ನಡುವೆ ತೂತು ಬೀಳುತ್ತದೆ. ಅದಕ್ಕೇ ಮೇಡಂ ಜೋಡಿ ಮಾಡಿದ್ದರು. ಒಬ್ಬಳು ಉಸಿರೆಳೆಯುವಾಗ ಪಕ್ಕದವಳು ತುಸು ಗಟ್ಟಿಯಾಗಿ ಹಾಡಿ ಆ ತೂತು ಮುಚ್ಚಬೇಕು. ಯಾರು ಯಾವಾಗ ನಿಲ್ಲಿಸಿದರು ಎಂದು ಕೇಳುವವರಿಗೆ ಗೊತ್ತೇ ಆಗಬಾರದು. ಹಾಗೆ ಮುಚ್ಚುವವಳೇ ತಂಡಕ್ಕೆ ಒಳ್ಳೆಯ ಹುಡುಗಿ. ಕಬ್ಬಿಣ ಬೆಸೆಯುವವನಿಗೆ ಇಷ್ಟು ಅರ್ಥವಾಗದೆ ಇದ್ದೀತೇ?

ಅವಳ ಜೋಡಿ ಪಕ್ಕದ ಮನೆಯ ಹುಡುಗಿ. ಗಾಳಿ ಬೀಸಿದರೆ ಬೀಳುವ ಹಾಗಿದ್ದಳು, ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದೆವು. ಅವಳ ತಾಯಿ ಇಸ್ತ್ರಿ ಅಂಗಡಿಯಲ್ಲಿ ಇಡೀ ದಿನ ನಿಂತು ದುಡಿಯುವ ಹೆಂಗಸು. ಗಂಡ ಸತ್ತು ವರ್ಷಗಳಾಗಿದ್ದವು, ಇದ್ದವಳು ಈ ಮಗಳೊಬ್ಬಳೇ. ನನ್ನನ್ನು ಅಣ್ಣ ಎನ್ನುತ್ತಾಳೆ, ನನ್ನ ಮಗಳಿಗೆ ಅವಳು ಅತ್ತೆ. ಎರಡು ಮನೆಗೂ ಒಂದೇ ಗೋಡೆ. ನಾವು ಮೊಳೆ ಹೊಡೆದರೆ ಅವರ ಕಡೆ ಸುಣ್ಣ ಉದುರುತ್ತದೆ. ಸಂಜೆಯಾದರೆ, ಆ ತಾಯಿ ಅಂಗಡಿಯಿಂದ ಬರುವ ಮೊದಲು, ಹುಡುಗಿಯರಿಬ್ಬರೂ ಗೋಡೆಯ ಆಚೆ ಈಚೆ ಕೂತು ಅಭ್ಯಾಸ ಮಾಡುತ್ತಿದ್ದರು. ಅವಳು ಬಿಟ್ಟಲ್ಲಿ ಇವಳು, ಇವಳು ಬಿಟ್ಟಲ್ಲಿ ಅವಳು.

ಶಾಲೆಯ ವಾರ್ಷಿಕೋತ್ಸವದ ದಿನ ಕಡ್ಡಿಯ ತಾಯಿ ವೇದಿಕೆಯ ಮೂಲೆಗೇ ಹೋಗಿ, ಮಕ್ಕಳಿಬ್ಬರೂ ನಿಂತಿದ್ದ ಕಡೆ ಫೋನು ಹಿಡಿದು ಹಾಡನ್ನು ರೆಕಾರ್ಡ್ ಮಾಡಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ಕಡ್ಡಿ ಶಾಲೆಯ ಮೆಟ್ಟಿಲ ಮೇಲೆ ಕುಸಿದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ನಾನೇ. ಹೃದಯ ಹುಟ್ಟಿನಿಂದಲೇ ಸರಿಯಿರಲಿಲ್ಲವಂತೆ. ವಾರ ತುಂಬುವ ಮೊದಲೇ ಸತ್ತಳು.

"ಉಸಿರು ಕಟ್ಟುತ್ತಿದ್ದದ್ದು ನಿಮಗೆ ಕಾಣಲಿಲ್ವೇನಮ್ಮ? ಮೊದಲೇ ಕರ್ಕೊಂಡು ಬಂದಿದ್ರೆ..." ಎಂದ ಡಾಕ್ಟರು.

ಹೆತ್ತವಳಿಗೆ ಹೇಳುವ ಮಾತೇ ಅದು? ಅವನ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ಕು ಜನ ಬಿಡಿಸಿದರು.

ಅಂದಿನಿಂದ ಸಂಜೆ ಸಂಜೆ ಗೋಡೆಯಾಚೆ ಫೋನಿನ ಹಾಡು. ಕೊನೆಯಲ್ಲಿ ಒಂದು ಉದ್ದನೆಯ ಸ್ವರ, ಅದರಲ್ಲಿ ಒಂದು ದನಿ ಮಾತ್ರ ಮಿಕ್ಕವರನ್ನು ಮೀರಿ ಏಳುತ್ತದೆ. ಅದು ತನ್ನ ಮಗಳ ದನಿಯೆಂದು ಕಡ್ಡಿಯ ತಾಯಿ ಅಷ್ಟನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಳು. ನನ್ನ ಮಗಳು ಊಟದ ತಟ್ಟೆ ಬಿಟ್ಟು ಏಳತೊಡಗಿದಳು. ಒಂದು ದಿನ ಅಂಗಡಿಗೆ ಬಂದು, ಯಂತ್ರದ ಸದ್ದು ನಿಲ್ಲಲಿ ಎಂದು ಕಾದು ನಿಂತಳು.

"ಅಪ್ಪಾ, ಅದು ಅವಳ ದನಿ ಅಲ್ಲ. ನಂದು."

"ಏನಂದೆ?"

"ಅವಳಿಗೆ ಆಗ್ತಿರಲಿಲ್ಲ. ಎರಡು ಸಾಲಿಗೇ ಏದುಸಿರು ಬರ್ತಿತ್ತು. ತುಂಬ ದಿನದಿಂದ ಬರೀ ಬಾಯಾಡಿಸ್ತಿದ್ಲು. ಅವಳ ಪಾಲೂ ನಾನೇ ಹಾಡ್ತಿದ್ದೆ. ಮೇಡಂಗೆ ಗೊತ್ತಾದ್ರೆ ತೆಗೆದುಹಾಕ್ತಾರೆ, ನಿನ್ನ ದಮ್ಮಯ್ಯ ಹೇಳಬೇಡ ಅಂದ್ಲು."

"ನಮಗಾದ್ರೂ ಹೇಳೋಕೇನಾಗಿತ್ತು ನಿನಗೆ ರೋಗ?"

ಕೈ ಎತ್ತಿದೆ. ಅವಳು ತಪ್ಪಿಸಿಕೊಳ್ಳಲಿಲ್ಲ, ಹೊಡೆಯಲಿ ಎಂದೇ ನಿಂತಿದ್ದಳು. ಕೈ ಇಳಿಸಿದೆ. ತೂತು ಮುಚ್ಚು ಎಂದು ಕಲಿಸಿದರು, ಮುಚ್ಚಿದಳು. ಮುಚ್ಚಿದ್ದು ಎಷ್ಟು ಚೆನ್ನಾಗಿತ್ತೆಂದರೆ ಹೆತ್ತ ತಾಯಿಗೂ ಕಾಣಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಾನು. ಅದಕ್ಕೇ ಊರೆಲ್ಲ ಶತ್ರುಗಳು. ಇದನ್ನೂ ಹೇಳಿಯೇಬಿಡುತ್ತೇನೆ ಎಂದುಕೊಂಡು ಮಗಳ ಜೊತೆ ಮನೆಗೆ ಬಂದರೆ, ಕಡ್ಡಿಯ ತಾಯಿ ಆಗಲೇ ನಮ್ಮ ಹೊಸ್ತಿಲ ಮೇಲೆ ಕೂತಿದ್ದಳು, ಕೈಯಲ್ಲಿ ಫೋನು.

"ಬಾ ಅಣ್ಣ, ನೀನೂ ಕೇಳು. ಕಬ್ಬಿಣ ಬಡಿದೂ ಬಡಿದೂ ನಿನ್ನ ಕಿವಿ ಹೋಗಿದೆ, ಹತ್ರ ಹಿಡ್ಕೋ." ಕೊನೆಯ ಸ್ವರ ಹಾಕಿದಳು. "ಎಷ್ಟು ಹೊತ್ತು ಎಳೀತಾಳೆ ನೋಡು! ಉಸಿರು ಕಟ್ಟೋ ಹುಡುಗಿ ಹಾಡೋ ಹಾಡಾ ಇದು? ನನಗೆ ಕಾಣ್ಲಿಲ್ವೇ ಅಂತ ಕೇಳ್ದ ಆ ಡಾಕ್ಟರು. ಕಾಣೋಕೇನಿತ್ತು ಹೇಳು? ಇದೊಂದು ಇಲ್ದೇ ಇದ್ದಿದ್ರೆ ನಾನು ಎಂದೋ ಬಾವಿ ನೋಡ್ಕೊಳ್ತಿದ್ದೆ."

ಆಮೇಲೆ ನನ್ನ ಮಗಳ ಕೈ ಹಿಡಿದಳು. "ನೀನು ಪಕ್ಕದಲ್ಲೇ ಇದ್ದೆ ಕಂದ. ಈ ದನಿ ಅವಳದೇ ಅಲ್ವಾ?"

"ನೋಡಮ್ಮ, ಅದು..." ಎಂದು ನಾನು ಬಾಯಿ ತೆರೆದೆ.

"ಅವಳದೇ ಅತ್ತೆ," ಎಂದಳು ಮಗಳು. ನನ್ನ ಕಡೆ ನೋಡಲೂ ಇಲ್ಲ.

"ಮತ್ತೆ ನಿಂದು ಎಲ್ಲೂ ಕೇಳ್ಸೋದೇ ಇಲ್ವಲ್ಲೇ, ತುತ್ತೂರಿ?"

"ಅವತ್ತು ನನಗೆ ಗಂಟಲು ಕಟ್ಟಿತ್ತು. ಬರೀ ಬಾಯಾಡಿಸಿದೆ."

"ಅಯ್ಯೋ. ಹಾಗಾದ್ರೆ ನಿನ್ನ ಪಾಲೂ ಅವಳೇ ಹಾಡಿದ್ಲಾ?"

"ಹೂಂ ಅತ್ತೆ."

ಆ ಹೆಂಗಸು ನಕ್ಕಳು. ಕಡ್ಡಿ ಹೋದ ಮೇಲೆ ಮೊದಲ ಸಲ. ನಾನು ಬಾಯಿ ಮುಚ್ಚಿ ಒಳಗೆ ಹೋದೆ.

ಮಗಳು ತಂಡ ಬಿಟ್ಟಳು. ಮೇಡಂ ಅಂಗಡಿಗೇ ಬಂದು, "ಅಂಥ ಹುಡುಗಿ ಇನ್ನೊಬ್ಬಳು ಸಿಗಲ್ಲ, ಕಳಿಸಿಕೊಡಿ," ಎಂದರು. ಬಾಯಿಗೆ ಬಂದದ್ದು ಬೈದು ಕಳಿಸಿದೆ. ಅವರಿಗೆ ಯಾಕೆಂದು ತಿಳಿದಿರಲಿಕ್ಕಿಲ್ಲ. ತಿಳಿಸುವ ಹಾಗೂ ಇರಲಿಲ್ಲ.

ಈಗ ಅವಳು ಮನೆಯಲ್ಲಿ ಗುನುಗುವುದೂ ಇಲ್ಲ. ಬಚ್ಚಲಲ್ಲಿ ನೀರಿನ ಸದ್ದು ಮಾತ್ರ. ಅಂಗಡಿಗೆ ಕೇಳುವ ಹಾಗೆ ಕೂಗುತ್ತಿದ್ದವಳು ನನ್ನನ್ನು ಊಟಕ್ಕೆ ಕರೆಯಲು ನಡೆದುಕೊಂಡು ಬರುತ್ತಾಳೆ. ಒಂದು ಸಾಲು ಹಾಡಿದರೆ ಸಾಕು, ಗೋಡೆಯಾಚೆ ಕೂತವಳಿಗೆ ಆ ದನಿ ಯಾರದೆಂದು ಗೊತ್ತಾಗಿಬಿಡುತ್ತದೆ.

ನಿನ್ನೆ ಸಂಜೆಯೂ ಫೋನು ಹಾಡಿತು. ಮಗಳು ಪಾತ್ರೆ ಒರೆಸುತ್ತಿದ್ದಳು. ಆ ಉದ್ದನೆಯ ಸ್ವರ ಶುರುವಾಯಿತು. ಕಡ್ಡಿಗೆ ಉಸಿರು ಸಾಲದೆ ಹೋಗುತ್ತಿದ್ದ ಜಾಗ ಬಂದಾಗ ಇವಳ ಎದೆ ತಾನಾಗಿ ಉಬ್ಬಿತು, ಬಾಯಿ ತೆರೆಯಿತು. ತಟ್ಟನೆ ಒದ್ದೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಸ್ವರ ಮುಗಿಯುವವರೆಗೂ ತೆಗೆಯಲಿಲ್ಲ.

ಗೋಡೆಯಾಚೆ ಕಡ್ಡಿಯ ತಾಯಿ ಮತ್ತೆ ಮೊದಲಿನಿಂದ ಹಾಕಿದಳು.